ಹ್ಯಾಂಡಲ್ ಲಾಕ್

"ಇದಕ್ಕೆ ಬೀಗ ಹಾಕಿದ್ದು ಯಾರು?" ಎನ್ನುತ್ತ ಸತ್ತವನ ಹೆಂಡತಿಯ ಅಣ್ಣ ಮೋಟಾರ್‌ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಜಗ್ಗಿದ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಬಿದ್ದ ಗಾಡಿಯನ್ನು ಟೆಂಪೊದಲ್ಲಿ ತಂದವರು ಗೇಟಿಗೆ ಅಡ್ಡವಾಗಿ ಇಳಿಸಿ ಹೋಗಿದ್ದರು. ಹೆಣ ಒಯ್ಯುವ ವ್ಯಾನು ರಸ್ತೆಯಲ್ಲೇ ಕಾಯುತ್ತಿತ್ತು. ಮನೆಯೊಳಗೆ ಬ್ರೆಡ್ಡಣ್ಣ ಹೆಣವಾಗಿ ಮಲಗಿದ್ದ. ಮಳೆಯಿರಲಿ ಚಳಿಯಿರಲಿ, ಮನೆಮನೆಗೆ ಬ್ರೆಡ್ಡು ಹಾಕಿ ಬಂದವನು. ಅವನ ನಿಜವಾದ ಹೆಸರು ಏನೆಂದು ವ್ಯಾನಿನವನು ಕೇಳಿದಾಗ ಬೀದಿಯವರು ಮುಖಮುಖ ನೋಡಿಕೊಂಡಿದ್ದರು.

"ಕಾಲುವೆ ತಿರುವಲ್ಲಿ ಆಮೆ ಥರ ಹೋಗೋನು. ಅವನು ಹೇಗೆ ಬೀಳ್ತಾನೆ?" ಎಂದ ಪಕ್ಕದ ಮನೆಯವ.

"ಇನ್ನೇನು, ಮತ್ತೆ ಶುರು ಮಾಡಿರ್ತಾನೆ," ಎಂದು ದರ್ಜಿ ಹೆಬ್ಬೆರಳನ್ನು ಬಾಯಿಗೆ ತೋರಿಸಿದ. "ನಾಯಿ ಬಾಲ ಡೊಂಕೇ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಅದು ಕೇಳಿಸಿತು. ಮಗಳ ತಲೆ ಮುಟ್ಟಿ ಕುಡಿತ ಬಿಟ್ಟವನು ಅವನು. ಆದರೂ ಆಸ್ಪತ್ರೆಯಲ್ಲಿ ಯಾರೂ ನೋಡದಾಗ ಅವಳು ಅವನ ಅಂಗಿಯನ್ನು ಮೂಸಿ ನೋಡಿದ್ದಳು. ಬರೀ ಕೆಸರಿನ ವಾಸನೆ. ಅನುಮಾನ ಮಾತ್ರ ಹೋಗಿರಲಿಲ್ಲ, ಅದಕ್ಕೆ ತನ್ನ ಮೇಲೆಯೇ ಅಸಹ್ಯವಾಗಿತ್ತು. ಅವನು ಕೊಟ್ಟ ಮಾತು ಉಳಿಸಿಕೊಂಡನೋ ಇಲ್ಲವೋ, ಹೆಣ ಮನೆ ಬಿಡುವ ಮೊದಲು ಅವಳಿಗೆ ಅದು ಗೊತ್ತಾಗಬೇಕಿತ್ತು.

ಮೂಲೆಯ ಮೆಕ್ಯಾನಿಕ್ಕು ಬಂದು ಕುಕ್ಕರಗಾಲಲ್ಲಿ ಕೂತ. "ಗಾಡಿ ತಂದವರು ಲಾಕ್ ಮಾಡಿದ್ರಾ?"

"ಅವರ ಹತ್ರ ಕೀ ಎಲ್ಲಿತ್ತು? ಭಾವನ ಬಟ್ಟೆ ಜೊತೆ ಆಸ್ಪತ್ರೆಯೋರು ನನ್ನ ಕೈಗೆ ಕೊಟ್ರು. ಹಾಕಿ ನೋಡಿದೆ, ತಿರುಗ್ತಾನೇ ಇಲ್ಲ," ಎಂದ ಅಣ್ಣ. "ಕಾಲುವೆಯಿಂದ ಎತ್ತುವಾಗಲೇ ಹ್ಯಾಂಡಲ್ ಹೀಗೆ ಸೊಟ್ಟ ಇತ್ತಂತೆ."

ಮೆಕ್ಯಾನಿಕ್ಕಿನ ಕೈ ನಿಂತಿತು. ಅವನು ಸ್ಕ್ರೂಡ್ರೈವರ್ ತೆಗೆದ.

*

ಬ್ರೆಡ್ಡಣ್ಣ ಬೀಳುವ ಮುಂಚಿನ ವಾರವಿಡೀ ಮಳೆ ಹಿಡಿದಿತ್ತು. ಬೆಳಗ್ಗೆ ಬೆಳಗ್ಗೆ ಹ್ಯಾಂಡಲ್ ಲಾಕ್ ತೆಗೆಯಲು ಅವನು ಒದ್ದಾಡುತ್ತಿದ್ದ. ಕೀಯನ್ನು ಬಾಯಿಯ ಬಿಸಿಗೆ ಹಿಡಿದು ಊದುತ್ತಿದ್ದ, ಬೀಗಕ್ಕೆ ಬೈಯುತ್ತಿದ್ದ, ಆಮೇಲೆ ಸಮಾಧಾನ ಹೇಳುತ್ತಿದ್ದ.

"ನನ್ನ ಜೊತೆಗೂ ಇಷ್ಟು ಮಾತಾಡಲ್ಲ ನೀವು," ಎಂದಿದ್ದಳು ಅವಳು.

"ನೀನು ಇದರಷ್ಟು ಹಟ ಮಾಡಲ್ವಲ್ಲ. ಭಾನುವಾರ ಮೆಕ್ಯಾನಿಕ್ಕಿಗೆ ತೋರಿಸ್ತೀನಿ ಬಿಡು."

ಬ್ರೆಡ್ಡು ತಡವಾದರೆ ಜನ ಬೈಯುತ್ತಾರೆ, ಬೈಸಿಕೊಂಡ ದಿನ ಅವನ ಕಾಲು ಹೆಂಡದಂಗಡಿಯ ಕಡೆ ಎಳೆಯುತ್ತದೆ ಎಂಬ ಹೆದರಿಕೆ ಅವಳಿಗಿತ್ತು. ಒಂದು ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ, ಒಲೆಯ ಪಕ್ಕದ ಬಾಣಲೆಯಲ್ಲಿ ಉಳಿದಿದ್ದ ಕರಿದ ಎಣ್ಣೆಯನ್ನು ಚಮಚದಲ್ಲಿ ತಂದು ಬೀಗದ ಕಿಂಡಿಗೆ ಸುರಿದಳು. ತಲೆಬಾಗಿಲ ಬೀಗಕ್ಕೂ ಅವಳ ಮದ್ದು ಅದೇ.

ಕೀ ಬೆಣ್ಣೆಯಂತೆ ತಿರುಗಿತು. ಅವನು ಮಗುವಿನಂತೆ ನಕ್ಕ. "ನೋಡಿದ್ಯಾ, ಒಳ್ಳೆ ಮಾತಿಗೆ ಬೀಗಾನೂ ಬಗ್ಗುತ್ತೆ!"

ಅವಳು ನಗು ತಡೆದುಕೊಂಡು ಬುತ್ತಿ ಕಟ್ಟಿದಳು. ಅವನ ಗೆಲುವನ್ನು ಕಸಿದುಕೊಳ್ಳಲು ಮನಸ್ಸಾಗಲಿಲ್ಲ.

*

ಮೆಕ್ಯಾನಿಕ್ಕು ಬೀಗವನ್ನು ಪೂರ್ತಿ ಬಿಚ್ಚಿ ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದ. ಅದರೊಳಗಿನ ಪಿನ್ನು ಕಪ್ಪು ಅಂಟಿನಲ್ಲಿ ಮುಳುಗಿತ್ತು.

"ಕೀ ತಿರುಗಿಸಿದಾಗ ಇದು ಪೂರ್ತಿ ಒಳಗೆ ಹೋಗ್ಬೇಕು. ಅರ್ಧಕ್ಕೇ ನಿಂತಿದೆ. ನೇರ ರಸ್ತೇಲಿ ಗೊತ್ತಾಗಲ್ಲ. ತಿರುವಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದ ಕೂಡಲೇ ಕಚ್ಕೊಂಡಿದೆ. ಎಂಥವನಾದ್ರೂ ಬೀಳ್ತಾನೆ." ಅವನು ದರ್ಜಿಯ ಕಡೆ ತಿರುಗಿದ. "ಬ್ರೆಡ್ಡಣ್ಣ ಕುಡಿದಿರಲಿಲ್ಲ ಕಣ್ರೀ. ಸುಮ್ನೆ ಸತ್ತವನ ಮೇಲೆ ಗೂಬೆ ಕೂರಿಸ್ಬೇಡಿ."

ದರ್ಜಿ ತಲೆ ತಗ್ಗಿಸಿದ. ಹೆಂಡತಿಗೆ ಅಷ್ಟೂ ಹೊತ್ತು ಬಾರದಿದ್ದ ಅಳು ಒತ್ತಿಕೊಂಡು ಬಂತು. ಅವನು ಮಾತಿಗೆ ತಪ್ಪಿರಲಿಲ್ಲ. ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು.

ಮೆಕ್ಯಾನಿಕ್ಕು ಬೆರಳನ್ನು ಮೂಗಿನ ಹತ್ತಿರ ಹಿಡಿದ. "ಅಡುಗೆ ಎಣ್ಣೆ! ಮಳೆ ನೀರು ಒಣಗಿಸದೆ ಎಣ್ಣೆ ಹಾಕಿದ್ರೆ ಧೂಳು, ಕೆಸರು ಎಲ್ಲ ಸೇರಿ ಗೋಂದಾಗುತ್ತೆ."

"ಅಯ್ಯೋ ಭಾವಾ," ಎಂದ ಅಣ್ಣ, ಹಣೆ ಚಚ್ಚಿಕೊಳ್ಳುತ್ತ. "ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ? ನಿನ್ನ ಗುಂಡಿ ನೀನೇ ತೋಡ್ಕೊಂಡ್ಯಲ್ಲ. ಕುಡುಕ ಅಲ್ಲ, ದಡ್ಡ ಅಂತ ಆಯ್ತು."

ಯಾರೋ ಲೊಚಗುಟ್ಟಿದರು. ದರ್ಜಿಯೂ ತಲೆಯಾಡಿಸಿದ. ಎಲ್ಲರಿಗೂ ಈ ಉತ್ತರ ಸಾಕಾಗಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು.

"ಎಣ್ಣೆ ಹಾಕಿದ್ದು ಅವರಲ್ಲ, ಅಣ್ಣ," ಎಂದಳು. "ನಾನು. ಅವರಿಗೆ ಗೊತ್ತೇ ಇರಲಿಲ್ಲ."

ಅವಳ ತೋಳು ಹಿಡಿದು ನಿಂತಿದ್ದ ಮಗಳು ನಿಧಾನವಾಗಿ ಕೈ ಬಿಟ್ಟಳು. ಮೆಕ್ಯಾನಿಕ್ಕು ತಲೆ ಎತ್ತದೆ ಎದ್ದು ಗಾಡಿಯನ್ನು ಒಬ್ಬನೇ ಪಕ್ಕಕ್ಕೆ ತಳ್ಳಿದ. ಗೇಟಿನ ದಾರಿ ತೆರವಾಯಿತು. ವ್ಯಾನು ಹಿಂದಕ್ಕೆ ಹಿಂದಕ್ಕೆ ಅಂಗಳದೊಳಗೆ ಬಂದು, ಹಿಂಬಾಗಿಲು ತೆರೆದುಕೊಂಡು, ಒಂಟಿಯಾಗಿ ನಿಂತಿದ್ದ ಅವಳ ಎದುರಿಗೇ ನಿಂತಿತು.