ಲಾಭ, ಎರಡು, ಮೂರು

"ಹತ್ತು ಬಿಡಿ ಕಡ್ಡಿ ಸೇರಿಸಿ ಕಟ್ಟಿದ್ವಿ. ಈಗ ಇಂಥಾ ಕಟ್ಟು ಎಷ್ಟು ಅದಾವ?" ಉಮಾಪತಿ ಮಾಸ್ತರು ಜೋಳದ ಕಡ್ಡಿಗಳ ಕಟ್ಟನ್ನು ದುರುಗವ್ವನ ಕೈಗಿಟ್ಟು ಕೇಳಿದರು.

"ಲಾಭ," ಎಂದಳು ಹುಡುಗಿ.

ಉಳಿದ ಮಕ್ಕಳು ಗೊಳ್ಳೆಂದು ನಕ್ಕರು. ಹುಲಿಹೈದರದ ಕಣಗಳಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಯಾರೂ ಒಂದು ಎನ್ನುವುದಿಲ್ಲ. ಲಾಭ ಎಂದು ಶುರುಮಾಡಿ ಎರಡು, ಮೂರು ಎಂದು ಹೋಗುತ್ತಾರೆ. ಕಣದ ಮಾತು ಸಾಲೆಗೆ ಬಂದರೆ ನಗು ಬರದೇ ಇರುತ್ತದೆಯೇ?

ಸಂಗತಿ ಗೊತ್ತಿದ್ದ ಮಾಸ್ತರು ಮಾತ್ರ ನಗಲಿಲ್ಲ. ಈ ಸುಗ್ಗಿಯಲ್ಲಿ ಅಪ್ಪ ಮೊದಲ ಕೊಳಗ ತುಂಬಿದಾಗ ದುರುಗವ್ವ ಸಾಲೆಯಲ್ಲಿ ಕಲಿತ ಹುರುಪಿನಲ್ಲಿ "ಒಂದು!" ಎಂದು ಕೂಗಿದ್ದಳು. ಕಣದಲ್ಲಿದ್ದವರೆಲ್ಲ ಅಪಶಕುನವೆಂದು ಮುಖ ಮುಖ ನೋಡಿಕೊಂಡರು. ಆ ವಾರವೇ ಅವಳ ಅಣ್ಣ ಅಂದಪ್ಪ ಜ್ವರದಲ್ಲಿ ತೀರಿಕೊಂಡ. ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳೇನೋ. ಹೇಳಿದ್ದು ಮಾಡುತ್ತಾಳೆ, ಹಾಕಿದ್ದು ಉಣ್ಣುತ್ತಾಳೆ. ಎಣಿಸುವಾಗ ಆ ಮಾತು ಮಾತ್ರ ಬಾಯಿಗೆ ಬರುವುದಿಲ್ಲ.

ಅಮೀನಸಾಬರು ಉರ್ದು ಕಲಿಸಲು ಬರುವ ಮುಂಚೆ ಲೆಕ್ಕ ಮುಗಿಯಬೇಕಿತ್ತು. ಮಾಸ್ತರು ಮರಳಿನ ಮೇಲೆ ಎರಡು ಮನೆ ಬರೆದರು.

"ಬಲಕ್ಕ ಬಿಡಿ ಮನಿ, ಎಡಕ್ಕ ಹತ್ತರ ಮನಿ. ಅಂಕಿ ಅದಽ. ಈ ಮನ್ಯಾಗ ಕುಂತ್ರ ಬರೇ ಕಡ್ಡಿ, ಆ ಮನ್ಯಾಗ ಕುಂತ್ರ ಕಟ್ಟು. ಬಿಡಿ ಏನೂ ಉಳಿದಿಲ್ಲ, ಅಲ್ಲಿ ಸೊನ್ನಿ ಇಡು."

ದುರುಗವ್ವ ತಪ್ಪಿಲ್ಲದೆ ೧೦ ಬರೆದಳು.

"ಈಗ ಓದು. ಹತ್ತರ ಮನ್ಯಾಗ ಎಷ್ಟೈತಿ?"

ಅವಳು ಕಡ್ಡಿಯ ಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಂಕಿ ಯಾರಿಗೂ ಏನೂ ಮಾಡಂಗಿಲ್ಲವ್ವಾ. ನಾ ಅದೀನಿ. ಅನ್ನು."

"ಒಂದು," ಎಂದಳು. ದನಿಯಲ್ಲಿ ಅಂಜಿಕೆ ಇರಲಿಲ್ಲ, ಏನೂ ಇರಲಿಲ್ಲ.

"ಶಾಬಾಸ್!" ಮಾಸ್ತರಿಗೆ ಗೆದ್ದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವಳು ಕಟ್ಟನ್ನು ಕೆಳಗಿಟ್ಟು ಎದ್ದವಳೇ ಮನೆಯ ಕಡೆ ಓಡಿದಳು. ಮಾಸ್ತರು ಗಾಬರಿಯಿಂದ ಹಿಂದೆಯೇ ಹೋದರು.

ಮನೆಯಲ್ಲಿ ಅವಳ ತಾಯಿ ಹುಲಗೆಮ್ಮ ಬೀಸುವುದನ್ನು ನಿಲ್ಲಿಸಿ, "ಯಾಕ್ರಿ ಮಾಸ್ತರ, ಏನಾತ್ರಿ?" ಎಂದಳು. ಮಾಸ್ತರು ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು.

ಒಳಗೆ ದುರುಗವ್ವ ತೊಟ್ಟಿಲ ಮೇಲೆ ಬಗ್ಗಿ, ಮಲಗಿದ್ದ ತಮ್ಮನ ಮೂಗಿನ ಕೆಳಗೆ ಬೆರಳು ಹಿಡಿದು ನಿಂತಿದ್ದಳು. ಕೂಸು ಉಸಿರಾಡುತ್ತಿತ್ತು. ಅವಳು ಬೆರಳು ತೆಗೆಯಲಿಲ್ಲ.