ಅರ್ಧಕ್ಕೇ ನಿಲ್ಲುವ ಸರ್ಪ

ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದರಲ್ಲಿ ಹುಣಸೂರಿನ ಸುತ್ತ ಮಂಗಳಮ್ಮನನ್ನು ಮೀರಿಸುವವರಿರಲಿಲ್ಲ. ಬಿಳಿಕೆರೆಯಿಂದ, ಪಿರಿಯಾಪಟ್ಟಣದಿಂದ ಜನ ಸೊಂಟ ಹಿಡಿದುಕೊಂಡು ನರಳುತ್ತ ಬರುತ್ತಿದ್ದರು. ಬೆನ್ನಿನಿಂದ ಹೊಕ್ಕುಳ ಕಡೆಗೆ ಸಾಲಾಗಿ ಎದ್ದ ನೀರುಗುಳ್ಳೆಗಳ ಒಂದು ತುದಿ ಸರ್ಪದ ತಲೆ, ಇನ್ನೊಂದು ಬಾಲ. ಸೊಂಟ ಸುತ್ತಿ ಎರಡೂ ಕೂಡಿಕೊಂಡರೆ ಆಳು ಉಳಿಯುವುದಿಲ್ಲ ಎಂದು ಜನರ ನಂಬಿಕೆ. ಕೂಡದ ಹಾಗೆ ಎರಡು ತುದಿಗೂ ಕೆಮ್ಮಣ್ಣಿನ ಅಡ್ಡಗೆರೆ ಎಳೆಯುವುದು ಅವಳ ಕೆಲಸ. ಈ ವಿದ್ಯೆ ಕಲಿಸಿದವಳು ಅತ್ತೆ ವೀರಮ್ಮ. ತಮ್ಮ ಗೆರೆ ದಾಟಿದ ಸರ್ಪ ಒಂದೂ ಇಲ್ಲ ಎಂದು ವೀರಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಕೇಳದವರನ್ನು ಕೂರಿಸಿಕೊಂಡೂ ಹೇಳುತ್ತಿದ್ದಳು.

ಇಂಥ ಮನೆಯಲ್ಲಿ ಮಂಗಳಮ್ಮನ ಗಂಡ ಕಂಠಪ್ಪನ ಹಣೆಯ ಬಲಗಡೆ ಗುಳ್ಳೆ ಎದ್ದವು. ಅದಕ್ಕೆ ಮೊದಲೇ ಬಲಗಡೆಯ ನೆತ್ತಿಯಲ್ಲಿ ಕೆಂಡ ಇಟ್ಟ ಹಾಗೆ ಉರಿ ಅನ್ನುತ್ತಿದ್ದ. ಹೊಗೆಸೊಪ್ಪಿನ ಮಂಡಿಯಲ್ಲಿ ಎಲೆಯ ಬಣ್ಣ ನೋಡಿ ದರ್ಜೆ ಬೇರೆ ಮಾಡುವವನು ಅವನು. ಸೊಪ್ಪಿನ ಘಾಟು ತಲೆಗೆ ಹತ್ತಿದೆ ಅಂದುಕೊಂಡು ಎಲ್ಲರೂ ಸುಮ್ಮನಿದ್ದರು.

ವೀರಮ್ಮ ಮಗನ ಹಣೆ ನೋಡಿದವಳೇ ಕೈಮುಗಿದಳು. "ಅಮ್ಮ ಬಂದವ್ಳೆ ಕಣವ್ವಾ. ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟು. ಒಗ್ಗರಣೆ ಹಾಕ್‌ಬ್ಯಾಡ."

"ಸರ್ಪಸುತ್ತು ಇರ್ಬೋದಾ ಅತ್ತೆ?"

"ಅಯ್ಯೋ ಇವಳ! ಸರ್ಪ ಸೊಂಟ ಸುತ್ತದಾ, ಹಣೆಗೆ ಏರ್ತದಾ?"

ಮಂಗಳಮ್ಮನಿಗೂ ಹೌದೆನ್ನಿಸಿತು. ಅಮ್ಮ ಬಂದ ಮನೆಯವರು ಡಾಕ್ಟರ ಬಾಗಿಲಿಗೆ ಹೋಗುವುದುಂಟೇ? ಸೂಜಿ ಚುಚ್ಚಿಸಿದರೆ ಅಮ್ಮ ಮುನಿಯುತ್ತಾಳೆ. ಬೇವಿನ ನೀರು, ಮೊಸರನ್ನ, ಮೌನ. ಅಷ್ಟೇ ಔಷಧ.

ಮಾರನೆಯ ದಿನ ಮೂಗಿನ ತುದಿಯಲ್ಲೂ ಗುಳ್ಳೆ ಎದ್ದಿತು. ಅದರ ಮಾರನೆಯ ದಿನ ಬಲಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತು. ಬೆರಳಲ್ಲಿ ಬಿಡಿಸಿ ನೋಡಿದರೆ ಕಣ್ಣು ಕೆಂಪಗಾಗಿತ್ತು. "ಮಂಜು ಕವ್ದಂಗದೆ ಕಣೆ. ಕಣ್ ಹೋದ್ರೆ ಮಂಡೀಲಿ ನನ್ನ ಯಾರು ಇಟ್ಕೊತಾರೆ?" ಅಂದ ಕಂಠಪ್ಪ.

ಅವನನ್ನು ಹಿತ್ತಲ ಬೆಳಕಿಗೆ ಕೂರಿಸಿ ಬೇವಿನ ನೀರಿನಲ್ಲಿ ಮುಖ ಒರೆಸತೊಡಗಿದಳು. ಒರೆಸುತ್ತಿದ್ದ ಕೈ ಹಣೆಯ ನಡುವೆ ತಡೆಯಿತು. ಗುಳ್ಳೆಗಳೆಲ್ಲ ಬಲಗಡೆಯೇ. ನಡುಹಣೆಗೆ ಬಂದು ನಿಂತುಬಿಟ್ಟಿದ್ದವು, ಎಡಕ್ಕೆ ಒಂದೂ ದಾಟಿರಲಿಲ್ಲ. ಅಮ್ಮ ಬಂದರೆ ಅಂಗೈ, ಅಂಗಾಲನ್ನೂ ಬಿಡುವವಳಲ್ಲ, ಅರ್ಧ ಮುಖಕ್ಕೆ ಬಂದು ಅರ್ಧ ಬಿಟ್ಟು ಹೋಗುತ್ತಾಳೆಯೇ? ಹೀಗೆ ನಟ್ಟನಡುವೆ ನಿಲ್ಲುವುದನ್ನು ಅವಳು ಎಷ್ಟೋ ಜನರ ಸೊಂಟದ ಮೇಲೆ ನೋಡಿದ್ದಳು. ಬೆನ್ನುಮೂಳೆಯ ಹತ್ತಿರ ಶುರುವಾಗಿ ಹೊಕ್ಕುಳ ಹತ್ತಿರ ನಿಲ್ಲುವುದು. ಇದು ಅದೇ. ಸರ್ಪ ಹಣೆಗೂ ಏರುತ್ತದೆ.

ಆಮೇಲೆ ಇನ್ನೊಂದು ಯೋಚನೆ ಬಂತು. ಇಲ್ಲಿ ಅಡ್ಡಗೆರೆ ಎಳೆದವರು ಯಾರು? ಯಾರೂ ಎಳೆದಿರಲಿಲ್ಲ. ಆದರೂ ನಿಂತಿದೆ.

ಅವಳು ಸೀದಾ ಒಳಗೆ ಹೋಗಿ ಗಂಡನ ಪಂಚೆ ಗಂಟು ಕಟ್ಟಿದಳು. "ಮೈಸೂರಿಗೆ ಹೋಯ್ತೀವಿ ಅತ್ತೆ, ಕಣ್ಣಿನ ಡಾಕ್ಟರ ತಾವ."

"ಅಮ್ಮ ಮನೇಲಿರುವಾಗ? ನನ್ನ ಮಗನ್ನ ಕೊಲ್ತೀಯೇನೇ?" ವೀರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮ ಅಲ್ಲ, ಸರ್ಪಸುತ್ತು. ಅರ್ಧಕ್ಕೆ ನಿಂತದೆ, ಬಂದು ನೋಡಿ."

"ಗೆರೆ ಎಳೀದೆ ಎಂಗೆ ನಿಂತದೆ?"

ಮಂಗಳಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. "ಅದು ತಾನಾಗೇ ನಿಲ್ಲೋದು ಅತ್ತೆ! ನೀವು ಬರುದ್ರೂ ನಿಲ್ತಿತ್ತು, ಬರೀದಿದ್ರೂ ನಿಲ್ತಿತ್ತು. ನಮ್ ಕೆಮ್ಮಣ್ಣಿಂದ ಏನೂ ಆಗಿಲ್ಲ."

ಮನೆತನದ ವಿದ್ಯೆಯನ್ನು ಒಂದೇ ಮಾತಿನಲ್ಲಿ ನೀರಿಗೆ ಹಾಕಿದ ಸೊಸೆಯನ್ನು ವೀರಮ್ಮ ದುರುಗುಟ್ಟಿ ನೋಡಿದಳು. ಹೊಡೆದೇಬಿಡುತ್ತಾಳೆ ಅನ್ನಿಸಿತು. ಹೊಡೆಯಲಿಲ್ಲ. ಹಿತ್ತಲಿಗೆ ಹೋಗಿ ಮಗನ ಹಣೆಯನ್ನು ಬಹಳ ಹೊತ್ತು ನೋಡಿದಳು. ಬಂದು, "ನಾನೂ ಬತ್ತೀನಿ, ನಡೀ" ಅಂದಳು.

ಮೈಸೂರಿನ ಡಾಕ್ಟರು ಕಂಠಪ್ಪನ ಕಣ್ಣಿಗೆ ದೀಪ ಹಿಡಿದು ನೋಡಿ ಔಷಧದ ಹನಿ ಬಿಟ್ಟರು. "ಇದು ನರ ಹಿಡಿದು ಹೋಗೋ ಕಾಯಿಲೆ ಕಣಮ್ಮ. ಸೊಂಟ ಒಂದೇ ಅಲ್ಲ. ಎದೆ, ಕತ್ತು, ತೊಡೆ, ಹಣೆ, ಎಲ್ಲಿ ಬೇಕಾದ್ರೂ ಬರ್ತದೆ, ಆದ್ರೆ ಮೈಯ ಒಂದೇ ಮಗ್ಗುಲಿಗೆ. ಮೂಗಿನ ತುದೀಲಿ ಗುಳ್ಳೆ ಕಂಡ್ರೆ ಕಣ್ಣಿಗೂ ಇಳಿಯೋ ಭಯ ಇರ್ತದೆ. ಸಕಾಲಕ್ಕೆ ತಂದಿದ್ದೀರಿ, ಕಣ್ಣು ಉಳಿಯುತ್ತೆ."

ಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿಯೇ ಅತ್ತಳು.

ಆಸ್ಪತ್ರೆಯ ಹೊರಗೆ ಬೇಲಿ ಪಕ್ಕದ ಕಲ್ಲಿನ ಮೇಲೆ ವೀರಮ್ಮ ಕುಸಿದು ಕೂತಿದ್ದಳು. ಮಗನ ಕಣ್ಣು ಉಳಿದ ಸಂತೋಷ ಆ ಮುಖದಲ್ಲಿರಲಿಲ್ಲ.

"ನಮ್ಮಣ್ಣ ಮಂಟಯ್ಯ ಇದ್ನಲ್ಲ," ಅಂದಳು. "ಅವನ ಎಡಗಣ್ಣ ಅಮ್ಮ ತಗಂಡ್ಳು ಅಂತಿದ್ವಿ. ಆಸ್ಪತ್ರೆಗೆ ಹೊಂಟೋನ್ನ ತಡ್ದೋಳು ನಾನೇಯ. ಅವನಿಗೂ ಒಂದೇ ಮಗ್ಗುಲಿಗಿತ್ತು ಕಣವ್ವಾ."

ಮಂಗಳಮ್ಮ ಅತ್ತೆಯ ಪಕ್ಕ ಕೂತಳು.