ಹಳೆ ಮಾಡೆಲ್, ಹೊಸ ಲ್ಯಾಪ್‌ಟಾಪ್

ಶುಕ್ರವಾರ ಬೆಳಿಗ್ಗೆ ಅಕ್ಷಿತಾಳ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಅವಳದ್ದು ಎನ್ನುವುದು ಹೆಸರಿಗೆ ಮಾತ್ರ. ಎಲ್ಲೂರಿನ ಚಿಕ್ಕಮ್ಮನ ಮಗ ಶ್ರವಣ್ ವರ್ಷಗಟ್ಟಲೆ ಬಡಿದು, ಸಾಕಾಗಿ ಕೊಟ್ಟದ್ದು. ಎಷ್ಟು ಒತ್ತಿದರೂ ಮಿಣುಕಿಲ್ಲ, ಸದ್ದಿಲ್ಲ.

ಬೇರೆ ಸಮಯವಾಗಿದ್ದರೆ ತಾಯಿ ಅಪ್ಪಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಗಳಿಗೆ ಮಣಿಪಾಲದ ಒಂದು ಕಚೇರಿಯಲ್ಲಿ, ಆಸ್ಪತ್ರೆಗಳ ದಾಖಲೆ ಓದಿ ವಿಂಗಡಿಸುವ ಕೆಲಸ ಸಿಕ್ಕಿತ್ತು. ಸೋಣ ತಿಂಗಳ ಮೊದಲ ಸೋಮವಾರ ತರಬೇತಿ ಶುರು. ಸ್ವಂತ ಲ್ಯಾಪ್‌ಟಾಪ್ ತರದವರ ಜಾಗ ಮುಂದಿನವರಿಗೆ ಎಂದು ಕಚೇರಿಯವರು ಖಂಡಿತವಾಗಿ ಹೇಳಿದ್ದರು. ಹಣದ ತಾಪತ್ರಯ ಇರಲಿಲ್ಲ. ಕಾಪುವಿನ ಹತ್ತಿರದ ತಮ್ಮ ಮನೆಯ ಹಿತ್ತಿಲಲ್ಲಿ ಮಲ್ಲಿಗೆ ಬೆಳೆದು ಅಪ್ಪಿ ಕೂಡಿಟ್ಟದ್ದು, ಒಂದು ಸಾಧಾರಣ ಲ್ಯಾಪ್‌ಟಾಪಿಗೆ ಆಗುವಷ್ಟು, ಬ್ಯಾಂಕಿನಲ್ಲಿತ್ತು. ತಾಪತ್ರಯ ತಿಂಗಳದ್ದು. ಅದು ಆಟಿ, ಶುಭಕಾರ್ಯ ಸಲ್ಲದು ಎನ್ನುವ ಮಳೆಗಾಲದ ತುಳು ತಿಂಗಳು; ಅದು ಮುಗಿದರೆ ಸೋಣ. ಆಟಿಯಲ್ಲಿ ಅಪ್ಪಿಯ ಮನೆಗೆ ಕಸ ಗುಡಿಸುವ ಹೊಸ ಹಿಡಿಸೂಡಿ ಸಹ ಬರುವಂತಿಲ್ಲ. ಭಾವ ಒಮ್ಮೆ ಆಟಿಯಲ್ಲಿ ತಂದ ಟಿವಿಗೆ ಅದೇ ವಾರ ಸಿಡಿಲು ಬಡಿದದ್ದನ್ನು ಕಣ್ಣಾರೆ ಕಂಡವಳು ಅವಳು.

ಸುದ್ದಿ ಕೇಳಿ ಪಕ್ಕದ ಮನೆಯ ಆನ್ಸಿಲ್ಲಾ ಕೊಡೆ ಮಡಚುತ್ತಾ ಬಂದಳು. ಕಾಪುವಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಟೀಚರು. "ಅಪ್ಪಿ, ಇವತ್ತೇ ಉಡುಪಿಗೆ ಹೋಗುವ. ನನಗೆ ಗೊತ್ತಿರುವ ಅಂಗಡಿಗೆ ಮುಂದಿನ ವಾರ ಹೊಸ ಮಾಡೆಲ್ ಬರ್ತದೆ. ಅದಕ್ಕೆ ಜಾಗ ಬೇಕಲ್ಲ, ಈಗ ಇರುವುದನ್ನು ಕಾಲು ಭಾಗ ಬೆಲೆ ಇಳಿಸಿ ಕೊಡ್ತಿದ್ದಾರೆ. ಹೆಚ್ಚು ಉಳಿದಿಲ್ಲ."

"ಆಟಿಯಲ್ಲಾ?" ಅಪ್ಪಿ ಎದೆಗೆ ಕೈಯಿಟ್ಟಳು. "ಅದೂ ಯಾರಿಗೂ ಬೇಡದ ಹಳೆ ಮಾಲು! ಸೋಣ ಬರಲಿ, ಹೊಸದೇ ತೆಗೆಯುವ."

"ಸೋಣ ಬಂದ ಮೇಲೆ ಈ ಬೆಲೆಗೆ ಸಿಗುವುದಿಲ್ಲ ಮಾರಾಯ್ತಿ. ನಿನ್ನ ಮಲ್ಲಿಗೆಗೆ ಈಗ ರೇಟ್ ಹೇಗೆ ಉಂಟು?"

"ರೇಟಾ? ಬಿದ್ದು ಹೋಗಿದೆ. ಕೇಳುವವರೇ ಇಲ್ಲ."

"ಹೂ ಬಾಡಿದೆಯಾ?"

"ಎಂತ ಮಾತು ಅದು!" ಅಪ್ಪಿಗೆ ಸಿಟ್ಟು ಬಂತು. "ಬೆಳಿಗ್ಗೆ ಕೊಯ್ದ ಮೊಗ್ಗು ನನ್ನದು. ಆಟಿಯಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ರೇಟ್ ಇಳಿಯದೆ ಮತ್ತೆ?"

"ಇದೂ ಹಾಗೆಯೇ. ಹಳೆ ಮಾಡೆಲ್ ಅಂದರೆ ಯಾರೋ ಬಳಸಿ ಬಿಟ್ಟದ್ದಲ್ಲ. ಪೆಟ್ಟಿಗೆ ಒಡೆಯದ ಹೊಸ ಮಾಲು. ಅದರ ತಮ್ಮ ಬರುವ ಹೊತ್ತಾಯಿತು, ಅದಕ್ಕೆ ಬೆಲೆ ಇಳಿಯಿತು."

ಮಾತು ಅಪ್ಪಿಯ ತಲೆಗೆ ಹೋಗಿತ್ತು, ಮನಸ್ಸಿಗೆ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಮನೆಯ ಮುಂದಿನ ಚಾವಡಿಯಿಂದ ಗಂಡ ಭೋಜ ಓಡಿ ಬಂದ. ಪೇಂಟಿಂಗ್ ಕೆಲಸದವನು. ಮಳೆಗಾಲದಲ್ಲಿ ಕೆಲಸವಿಲ್ಲ, ಮೊಬೈಲೇ ಲೋಕ.

"ಸಿಕ್ಕಿತು ಅಪ್ಪಿ! ಅರವತ್ತು ಸಾವಿರದ ಲ್ಯಾಪ್‌ಟಾಪ್ ಹದಿನೆಂಟಕ್ಕೆ! ಹೊಸ ಮಾಡೆಲ್ ಬರುವ ಮೊದಲು ಖಾಲಿ ಮಾಡುವುದಂತೆ. ಆಟಿಯ ಚಿಂತೆಯೂ ಇಲ್ಲ. ಹಣ ಈಗ ಕೊಟ್ಟರೆ ಆಯಿತು, ಸಾಮಾನು ಸೋಣ ಸಂಕ್ರಮಣ ಕಳೆದ ಮೇಲೆ ಮನೆಗೆ ತಲುಪಿಸ್ತಾರೆ!"

ಅಪ್ಪಿಯ ಮುಖ ಅರಳಿತು. ದೇವರೇ ದಾರಿ ತೋರಿಸಿದ ಹಾಗೆ ಕಂಡಿತು ಅವಳಿಗೆ. ಆಟಿಯಲ್ಲಿ ಹೊಸ್ತಿಲು ದಾಟುವುದಿಲ್ಲ, ಸೋಣದಲ್ಲಿ ಮಗಳ ಕೈಯಲ್ಲಿ ಇರುತ್ತದೆ, ಇನ್ನೆಂತ ಬೇಕು?

ಭೋಜನ ಮೊಬೈಲಿನ ಸ್ಪೀಕರಿನಿಂದ ಅದನ್ನು ಮಾರುವವನ ಧ್ವನಿ ಕೇಳಿಸಿತು. "ಮೇಡಂ, ಕೋಡ್ ಕಳಿಸಿದ್ದೇನೆ, ಪೂರ್ತಿ ಹಣ ಹಾಕಿ. ಎರಡೇ ಪೀಸ್ ಉಳಿದಿರುವುದು. ಐದು ನಿಮಿಷದಲ್ಲಿ ಆಫರ್ ಮುಗೀತದೆ."

ಹಣ ಇದ್ದದ್ದು ಅಪ್ಪಿಯ ಖಾತೆಯಲ್ಲಿ. ಅವಳು ತನ್ನ ಮೊಬೈಲು ತೆಗೆದು, ಗಂಡನ ಮೊಬೈಲಿಗೆ ಬಂದ ಕೋಡ್ ಸ್ಕ್ಯಾನ್ ಮಾಡಿ, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗುಪ್ತ ಸಂಖ್ಯೆ ಒತ್ತತೊಡಗಿದಳು. ಇನ್ನೊಂದು ಅಂಕಿ ಬಾಕಿ.

"ಅಪ್ಪಿ, ನಿಲ್ಲು!" ಆನ್ಸಿಲ್ಲಾ ಅವಳ ಮಣಿಕಟ್ಟು ಹಿಡಿದಳು. "ಅಂಗಡಿ ಎಲ್ಲಿ ಉಂಟು ಅಂತ ಮೊದಲು ಕೇಳು."

"ಮಣಿಪಾಲದಲ್ಲಿ ಗೋಡೌನ್ ಉಂಟು ಮೇಡಂ."

"ಮಣಿಪಾಲದಲ್ಲಿ ಎಲ್ಲಿ? ನಾವು ಈಗಲೇ ಬಸ್ಸು ಹತ್ತಿ ಬಂದು, ನೋಡಿ, ಅಲ್ಲೇ ಹಣ ಕೊಡ್ತೇವೆ," ಎಂದಳು ಆನ್ಸಿಲ್ಲಾ.

"ಗೋಡೌನಿಗೆ ಹೊರಗಿನವರನ್ನು ಬಿಡುವುದಿಲ್ಲ. ಮೂರು ನಿಮಿಷ ಉಂಟು ಮೇಡಂ!"

ಭೋಜನಿಗೆ ತಡೆಯಲಾಗಲಿಲ್ಲ. "ಒತ್ತು ಅಪ್ಪಿ! ಕೈಗೆ ಬಂದದ್ದು ಬಾಯಿಗೆ ಬರುವುದು ಬೇಡವಾ ನಿನಗೆ?" ಎಂದು ಗದರಿದ. ಒತ್ತಿದರೆ ಹಣ ಹೋದೀತು, ಒತ್ತದಿದ್ದರೆ ಮಗಳ ಕೆಲಸ ಹೋದೀತು. ಅಪ್ಪಿ ಗಂಡನ ಮೊಬೈಲಿನ ಹತ್ತಿರ ಬಾಗಿ ತಾನೇ ಕೇಳಿದಳು.

"ನೋಡಿ ಸ್ವಾಮಿ, ನಾನು ಹೂ ಮಾರುವವಳು. ನನ್ನ ಒಂದು ಚೆಂಡು ಮಲ್ಲಿಗೆಯನ್ನು ಸಹ ಯಾರೂ ಬಿಚ್ಚಿ ನೋಡದೆ ತೆಗೆಯುವುದಿಲ್ಲ. ಇಷ್ಟು ದೊಡ್ಡ ಸಾಮಾನು ಯಾಕೆ ಇಷ್ಟು ಅಗ್ಗ? ಬಿಲ್ಲು, ಗ್ಯಾರಂಟಿ ಎಲ್ಲ ಉಂಟಾ?"

"ತೆಗೆಯುವ ಯೋಗ್ಯತೆ ಇಲ್ಲದಿದ್ದರೆ ಫೋನ್ ಇಡಿ! ಕಂಡವರ ಸಮಯ ಹಾಳು ಮಾಡ್ತೀರಿ!"

ಅಪ್ಪಿ ಹೆಬ್ಬೆರಳು ಎತ್ತಿದಳು. ಪರದೆಯ ಮೇಲಿದ್ದದ್ದನ್ನೆಲ್ಲ ಅಳಿಸಿದಳು. ಆ ಕಡೆಯಿಂದ ಕರೆ ಕಡಿಯಿತು. "ಮಾಲು ಮಾರುವವನು ಗಿರಾಕಿಗೆ ಬೈಯುವುದಿಲ್ಲ ಭೋಜ," ಎಂದಳು ಆನ್ಸಿಲ್ಲಾ ಮೆಲ್ಲಗೆ. ಭೋಜ ಅದೇ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ. ಆ ಕಡೆ ಎತ್ತುವವರೇ ಇಲ್ಲ.

ಆದರೂ ಆಟಿ ಆಟಿಯೇ. "ಮಗಳ ಮೊದಲ ಕೆಲಸ ಆನ್ಸಿ... ಕೆಟ್ಟ ತಿಂಗಳ ಸಾಮಾನಿನಿಂದ ಶುರುವಾಗಬೇಕಾ?" ಎಂದು ಅಪ್ಪಿ ಗೊಣಗಿದ್ದೇ ತಡ, ಒಳ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಷಿತಾಳ ಸಹನೆಯ ಕಟ್ಟೆ ಒಡೆಯಿತು.

"ಒಳ್ಳೆ ದಿನ ನೋಡಿ ನಾನು ಬರಿಗೈಯಲ್ಲಿ ಹೋದರೆ ಅವರು ಒಳಗೆ ಬಿಡ್ತಾರಾ ಅಮ್ಮ? ಸೋಣ ಬರುವಾಗ ಇದು ಖಾಲಿಯಾಗಿರ್ತದೆ, ಹೊಸ ಮಾಡೆಲಿಗೆ ನಿನ್ನ ಹಣ ಸಾಲುವುದಿಲ್ಲ. ಮತ್ತೆ ನಾನು ಮನೆಯಲ್ಲಿ ಕೂತು ಆಟಿಗೆ ಬೈಯಲಾ, ನಿನಗೆ ಬೈಯಲಾ?"

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪಿ ಒಳಗೆ ಹೋಗಿ ದೇವರಿಗೆ ಕೈ ಮುಗಿದು, ತಪ್ಪಾದರೆ ತನ್ನ ತಲೆಗಿರಲಿ ಎಂದು ಬೇಡಿಕೊಂಡು, ಸೀರೆ ಬದಲಾಯಿಸಿ ಬಂದಳು. "ನಡಿಯಿರಿ, ಬಸ್ಸು ತಪ್ಪೀತು."

ಉಡುಪಿಯ ಅಂಗಡಿ ಮುಟ್ಟುವಾಗ ಮಧ್ಯಾಹ್ನ. ಆ ಮಾಡೆಲಿನದ್ದು ಒಂದೇ ಒಂದು ಮೇಜಿನ ಮೇಲಿತ್ತು. ಅದನ್ನು ಕಾರ್ಕಳದ ಕಡೆಯ ಒಬ್ಬರು ಹಿಡಿದು, ಮಗನಿಗೆ ಫೋನ್ ಮಾಡಿ ಕೇಳುತ್ತಿದ್ದರು. ಅಕ್ಷಿತಾಳ ಮುಖ ಬಿಳಿಚಿಕೊಂಡಿತು. "ನಾವೇ ತೆಗೆಯುತ್ತೇವೆ ಅಂತ ಹೇಳಿಬಿಡುವ," ಎಂದು ಭೋಜ ಪಿಸುಗುಟ್ಟಿದ.

"ಇಲ್ಲಿಯೂ ಅವಸರ ಬೇಡ," ಎಂದಳು ಆನ್ಸಿಲ್ಲಾ.

ಅಪ್ಪಿ ಮುಂದೆ ಹೋಗಿ ಅಂಗಡಿಯವರನ್ನು ಕೇಳಿದಳು. "ಇದು ಹೊರಗೆ ಇಟ್ಟು ಎಲ್ಲರೂ ಮುಟ್ಟಿದ್ದಾ? ಪೆಟ್ಟಿಗೆ ಒಡೆಯದ್ದು ಇಲ್ಲವಾ?"

"ಇದು ತೋರಿಸಲು ಇಟ್ಟದ್ದಮ್ಮ. ಸೀಲಿನದ್ದು ಒಳಗೆ ಒಂದು ಉಂಟು," ಎಂದರು ಅವರು.

ಬಂತು ಪೆಟ್ಟಿಗೆ. ಕಚೇರಿಯವರು ಕೇಳಿದಷ್ಟು ಮೆಮೊರಿ ಇದೆಯೇ ಎಂದು ಅಕ್ಷಿತಾ ನೋಡಿದಳು. ಇತ್ತು. ಹೊಸ ಮಾಡೆಲಿನಲ್ಲಿ ಹೆಚ್ಚಿಗೆ ಬರುವುದು ಆಟ ಆಡುವವರಿಗೆ, ದಾಖಲೆ ಓದಲು ಇದು ಧಾರಾಳ ಎಂದು ಆನ್ಸಿಲ್ಲಾ ಹೇಳಿದಳು. ಸೀಲು ಒಡೆದು, ಅಲ್ಲೇ ಚಾಲೂ ಮಾಡಿ, ಪೆಟ್ಟಿಗೆಯ ನಂಬರು, ಯಂತ್ರದ ನಂಬರು, ಬಿಲ್ಲಿನಲ್ಲಿ ಬರೆದ ನಂಬರು ಒಂದೇ ಎಂದು ನೋಡಿದರು. ಅಪ್ಪಿ ಹಣ ಕೊಡುವ ಮೊದಲು ಇನ್ನೊಂದು ಕೇಳಿದಳು. "ವಾರಂಟಿ ಎಲ್ಲಿಂದ ಲೆಕ್ಕ? ನಿಮ್ಮಲ್ಲಿಗೆ ಬಂದ ದಿನದಿಂದಲಾ, ನಾವು ತೆಗೆದ ದಿನದಿಂದಲಾ?" ಅಂಗಡಿಯವರು ನಕ್ಕು, ಕಂಪನಿಯ ವೆಬ್‌ಸೈಟ್ ತೆರೆದು ತೋರಿಸಿದರು. ಇಂದಿನಿಂದಲೇ.

ಅಪ್ಪಿ ಆ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ, ಆಟಿಯ ಮಳೆಯಲ್ಲಿ, ತಾನೇ ಎತ್ತಿಕೊಂಡು ಹೊಸ್ತಿಲು ದಾಟಿದಳು.

ಸೋಣದ ಮೊದಲ ಸೋಮವಾರ ಅಕ್ಷಿತಾ ಮಣಿಪಾಲದ ಬಸ್ಸು ಹತ್ತಿದಳು. ಲ್ಯಾಪ್‌ಟಾಪ್ ಇಲ್ಲದೆ ಬಂದ ಇಬ್ಬರನ್ನು ಅಂದೇ ವಾಪಸು ಕಳುಹಿಸಿದರಂತೆ. ಸಂಜೆ ಮಗಳು ಅದನ್ನು ಹೇಳುವಾಗ ಭೋಜ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪಿ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು, ಅಷ್ಟೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಬೇಕಾಗಿದೆಯೇ? ಹೊಸ ಮಾಡೆಲ್ ಯಾವಾಗ ಬರುತ್ತದೆಂದು ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ. ಅದು ಬರುವ ಮೊದಲಿನ ವಾರಗಳೇ ಕಡಿಮೆ ಬೆಲೆಗೆ ಒಳ್ಳೆಯ ಸಮಯ. ತಿಂಗಳು ಕೆಟ್ಟದ್ದೆಂದು ಕೈ ಕಟ್ಟಿ ಕೂರಬೇಡಿ. ಅಗ್ಗ ಎಂದ ಮಾತ್ರಕ್ಕೆ ತೀರಾ ಹಳತನ್ನು ಹೊತ್ತು ತರಲೂಬೇಡಿ, ನಿಮ್ಮ ಕೆಲಸಕ್ಕೆ ಸಾಕೇ ಎಂದು ನೋಡಿ. ಸೀಲು, ಬಿಲ್ಲು, ವಾರಂಟಿ ನೋಡದೆ ಹಣ ಬಿಚ್ಚಬೇಡಿ. ಮೋಸ ಹೋದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಲೆ ಯಾಕೆ ಇಳಿದಿದೆ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಕೊಡುವವನ ಹತ್ತಿರ ತೆಗೆದುಕೊಳ್ಳಿ. ಉತ್ತರದ ಬದಲು ನಿಮಿಷ ಎಣಿಸುವವನ ಫೋನನ್ನು ಅಲ್ಲಿಗೇ ಇಟ್ಟುಬಿಡಿ.